ನಮಗೆಲ್ಲ ಗೊತ್ತು ಸಾರ್

ಸುಪ್ರೀಂ ಕೋರ್ಟಿನ ತೀರ್ಪೊಂದು ದೆಹಲಿಯಿಂದ ಹೊರಟು ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಫಿನಿಶಿಂಗ್ ವಿಭಾಗಕ್ಕೆ ಬಂದು ಸೇರಲು ಎರಡು ತಿಂಗಳು ಹಿಡಿಯಿತು. 2013ರ ಡಿಸೆಂಬರ್ 11ರಂದು ಸುರೇಶ್ ಕುಮಾರ್ ಕೌಶಲ್ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ, ದಂಡ ಸಂಹಿತೆಯ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟರು. ಗಂಡಸು ಗಂಡಸಿನ ಜೊತೆ ಮಲಗುವುದು ಮತ್ತೊಮ್ಮೆ ಅಪರಾಧವಾಯಿತು. ಆ ದಿನ ನಾನು ಎಂದಿನಂತೆ ಶರ್ಟುಗಳ ಕಾಲರ್ ತಿರುಗಿಸಿ ದಾರ ಕತ್ತರಿಸುತ್ತಿದ್ದೆ. ನಾನು ಚೆಕರ್. ಸುದ್ದಿ ನೋಡಲು ಫೋನ್ ಇರಲಿಲ್ಲ, ಅದನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕಿತ್ತು.

ಫೆಬ್ರವರಿಯಲ್ಲಿ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದರು. ಓವರ್‌ಟೈಮಿಗೆ ಕಾಯ್ದೆ ಹೇಳುವಂತೆ ಎರಡು ಪಟ್ಟು ಕೂಲಿ ಕೊಡುತ್ತಿರಲಿಲ್ಲ, ಅದಕ್ಕೊಂದು ಅರ್ಜಿ ಬರೆದು ಸಂಘದ ಪರವಾಗಿ ನಾನು ಸಹಿ ಹಾಕಿಸುತ್ತಿದ್ದೆ. ಆ ವೇಳೆಗೆ ಇನ್ನೂರು ದಾಟಿತ್ತು. ಮ್ಯಾನೇಜರ್ ಅರ್ಜಿಯ ವಿಷಯವನ್ನೇ ಎತ್ತಲಿಲ್ಲ. ದಾಸರಹಳ್ಳಿಯಲ್ಲಿ ನಾನು ಯಾರ ಜೊತೆ ರೂಮು ಮಾಡಿದ್ದೇನೆ, ಎಷ್ಟು ವರ್ಷದಿಂದ, ಅಲ್ಲಿ ಮಂಚ ಎಷ್ಟು ಅಂತ ಕೇಳಿದರು. ಆಮೇಲೆ ಬಹಳ ಮೆತ್ತಗೆ, "ಈಗ ಕಾನೂನೇ ಬಂದಿದೆಯಲ್ಲಪ್ಪ. ಸ್ಟೇಷನ್ನಿಗೆ ಒಂದು ಫೋನ್, ತಿಪಟೂರಿಗೆ ಒಂದು ಫೋನ್. ಆ ಪೇಪರೆಲ್ಲ ನಿನಗ್ಯಾಕೆ?" ಅಂದರು.

ಸ್ಟೇಷನ್ ಅಂದದ್ದಕ್ಕಿಂತ ತಿಪಟೂರು ಅಂದದ್ದೇ ನನ್ನ ಕೈಕಾಲು ತಣ್ಣಗೆ ಮಾಡಿತು.

ನಮ್ಮ ಸೀಮೆಯ ಬಗ್ಗೆ ಸ್ವಲ್ಪ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ಕಣ್ಣಿಗೆ ಬೀಳುವುದೆಲ್ಲ ತೆಂಗು. ಎಳನೀರಿಗಿಂತ ನಮ್ಮಲ್ಲಿ ಹೆಚ್ಚು ಮರ್ಯಾದೆ ಉಂಡೆ ಕೊಬ್ಬರಿಗೆ. ಬಲಿತ ಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡ ಲೊಡ ಅನ್ನಬೇಕು. ಆಮೇಲೆ ಸುಲಿಯುವವರು ಬರುತ್ತಾರೆ, ಚಿಪ್ಪು ಒಡೆಯುವವರು ಬರುತ್ತಾರೆ, ಒಡೆದದ್ದನ್ನು ಆರಿಸಿ ದಪ್ಪ ಸಣ್ಣ ಬೇರೆ ಮಾಡುವ ಹೆಂಗಸರು ಬರುತ್ತಾರೆ. ಚೀಲ ತುಂಬಿ ತಿಪಟೂರಿನ ಎಪಿಎಂಸಿಗೆ ಹೋದ ಮೇಲೆ ನನ್ನ ಅಪ್ಪನಂಥವರ ಕೆಲಸ. ಅಪ್ಪ ಹಮಾಲಿ. ಮೂವತ್ತು ವರ್ಷಕ್ಕೂ ಮೇಲೆ ಬೆನ್ನ ಮೇಲೆ ಕೊಬ್ಬರಿ ಹೊತ್ತಿದ್ದಾರೆ, ಮನೆಗೆ ತಿನ್ನಲು ತಂದದ್ದು ಒಡೆದ ಚೂರು.

ಕ್ವಿಂಟಲಿಗೆ ಎಷ್ಟು ಅನ್ನುವುದು ನಮ್ಮ ಕಡೆ ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ನಡೆಯುವ ಮಾತು. 2023ರಲ್ಲಿ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ರೈತರು ಬೀದಿಗೆ ಬಂದರು, ನಾಫೆಡ್ ಖರೀದಿಗೆ ಸರದಿ ನಿಂತರು. ಆ ಹೋರಾಟದ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನನಗೆ ಇಲ್ಲಿ ಬೇಕಾದದ್ದು ಕಾಯಿ ಸುಲಿಯುವ ಒಬ್ಬ ಮನುಷ್ಯನ ಮಾತು.

ನಾನು ಸಣ್ಣವನಿದ್ದಾಗ ನಮ್ಮ ಊರ ಸುತ್ತಿನ ತೋಟಗಳಿಗೆ ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬನನ್ನು ಎಲ್ಲರೂ ಹೆಣ್ಣಿಗ ಅನ್ನುತ್ತಿದ್ದರು. ಅದೇ ಅವನ ಹೆಸರೇನೋ ಅನ್ನುವಷ್ಟು ಸಲೀಸಾಗಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಮೂರು ಸಲ ತಿರುಚಿದರೆ ಮಟ್ಟೆ ಬೇರೆ, ಕಾಯಿ ಬೇರೆ. ಅವನಷ್ಟು ಚುರುಕಾಗಿ ಸುಲಿಯುವವರು ಆ ಗುಂಪಿನಲ್ಲಿ ಇರಲಿಲ್ಲ. ಆದರೆ ವಾರದ ಬಟವಾಡೆಯ ದಿನ ಮೇಸ್ತ್ರಿ ಅವನ ಸಾವಿರ ಕಾಯನ್ನು ಎಂಟುನೂರು ಅಂತ ಎಣಿಸುತ್ತಿದ್ದ. ಉಳಿದವರ ಎಣಿಕೆಯಲ್ಲೂ ಹತ್ತು ಇಪ್ಪತ್ತು ಹೋಗುತ್ತಿತ್ತು, ಅದು ಮಾಮೂಲು. ಇವನದು ಇನ್ನೂರು. ಕೇಳಿದರೆ ಮೇಸ್ತ್ರಿ ಗಟ್ಟಿಯಾಗಿ ನಗುತ್ತಿದ್ದ, ಗುಂಪೂ ನಗುತ್ತಿತ್ತು, ಇವನೂ ಜೊತೆಗೆ ನಕ್ಕು ಎದ್ದು ಹೋಗುತ್ತಿದ್ದ. ಯಾರಿಗೆ ದೂರು ಹೇಳುವುದು? ಮಾರುಕಟ್ಟೆಯ ಹಮಾಲಿಗಳಿಗೆ ಸಂಘ ಇತ್ತು, ಚೀಲಕ್ಕೆ ಇಷ್ಟು ಅಂತ ದರ ಇತ್ತು. ತೋಟದಿಂದ ತೋಟಕ್ಕೆ ಅಲೆಯುವ ಸುಲಿಯುವವರಿಗೆ ಏನೂ ಇರಲಿಲ್ಲ. ಆ ಇನ್ನೂರು ಕಾಯಿ ಎಲ್ಲಿ ಹೋಯಿತು ಅನ್ನುವುದು ನನ್ನ ತಲೆಯಲ್ಲಿ ಬಹಳ ವರ್ಷ ಉಳಿದಿತ್ತು. ಅವನ ಜಾತಿ, ಅವನ ಕೈಕೆಲಸ, ಅವನ ನಡಿಗೆ ಇವುಗಳಲ್ಲಿ ಮೇಸ್ತ್ರಿಗೆ ದುಡ್ಡು ಹುಟ್ಟುತ್ತಿದ್ದದ್ದು ನಡಿಗೆಯಿಂದ.

ಮ್ಯಾನೇಜರ್ ಮಾತಾಡಿದ ದಿನ ನನಗೆ ನೆನಪಾದದ್ದು ಆ ಎಣಿಕೆ.

ಸಂಘದ ಸಭೆ ಭಾನುವಾರ ಸಂಜೆ ಪೀಣ್ಯದ ಹತ್ತಿರ, ದಿನಸಿ ಅಂಗಡಿಯ ಮೇಲಿನ ಒಂದು ರೂಮಿನಲ್ಲಿ ನಡೆಯುತ್ತಿತ್ತು. ಹೆಂಗಸರು ಹನ್ನೆರಡು ಮಂದಿ, ಗಂಡಸರು ಮೂವರು. ಗಾರ್ಮೆಂಟ್ಸ್ ಅಂದರೆ ಹಾಗೆಯೇ, ಹೊಲಿಯುವವರು ಹೆಚ್ಚುಕಡಿಮೆ ಎಲ್ಲ ಹೆಂಗಸರೇ. ನಾನು ಹೇಳಬೇಕಾದ್ದನ್ನು ಹೇಗೆ ಹೇಳಿದೆನೋ. "ನಾನು ಮದುವೆ ಆಗೋ ಪೈಕಿ ಅಲ್ಲ" ಅಂತ ಶುರು ಮಾಡಿದ್ದು ನೆನಪಿದೆ. ಕನ್ನಡದಲ್ಲಿ ಈ ಮಾತಿಗೆ ಪತ್ರಿಕೆಯ ಪದಗಳಿವೆ, ಬೈಗುಳದ ಪದಗಳಿವೆ. ಭಾನುವಾರ ಸಂಜೆ ಹನ್ನೆರಡು ಜನ ಅಕ್ಕತಂಗಿಯರ ಮುಂದೆ ಬಳಸಬಹುದಾದ ಪದ ಇನ್ನೂ ಬರಬೇಕಿದೆ.

ಒಬ್ಬ, ಕಟಿಂಗ್ ವಿಭಾಗದವನು, ಇದು ಸಂಘದ ವಿಷಯ ಅಲ್ಲ ಅಂದ. ಸ್ವಂತ ವಿಷಯ ತಂದರೆ ಸಂಘದ ಹೆಸರು ಕೆಡುತ್ತದೆ, ಆಚೆಯವರು ಆಡಿಕೊಳ್ಳುತ್ತಾರೆ ಅಂದ. ಇನ್ನಿಬ್ಬರು ನೆಲ ನೋಡಿದರು. ಆಗ ಮಾತಾಡಿದ್ದು ತುರುವೇಕೆರೆ ಕಡೆಯ ಒಬ್ಬ ಅಕ್ಕ. ಟೈಲರ್, ಹದಿನೈದು ವರ್ಷದ ಸರ್ವಿಸ್, ಗಂಡ ಬಿಟ್ಟುಹೋಗಿ ಇಬ್ಬರು ಮಕ್ಕಳನ್ನು ಸಾಕಿದವಳು. ಅವಳು ನನ್ನ ಬಗ್ಗೆ ಏನೂ ಹೇಳಲಿಲ್ಲ. "ಹೋದ್ ವರ್ಷ ನನ್ನ ಏನಂತ ಹೆದರ್ಸಿದ್ರು?" ಅಂತ ಎಲ್ಲರನ್ನೂ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. "ಗಂಡ ಇಲ್ದೋಳು, ರಾತ್ರಿ ಎಂಟು ಗಂಟೆ ಬಸ್ಸಲ್ಲಿ ಯಾರ್ ಜೊತೆ ಹೋಯ್ತೀಯಾ ಅಂತ ನಿಮ್ಮಣ್ಣಂಗೆ ಹೇಳ್ತೀವಿ ಅಂದ್ರು. ನಿಂಗೆ?" ಅಂತ ಪಕ್ಕದವಳನ್ನು ತಿವಿದಳು. ಪಕ್ಕದವಳು ಬೇರೆ ಜಾತಿಯ ಹುಡುಗನ ಜೊತೆ ಓಡಾಡುತ್ತಾಳೆ ಅಂತ ಸೂಪರ್‌ವೈಸರ್ ಅವಳ ಅಪ್ಪನಿಗೆ ಹೇಳುವುದಾಗಿ ಬೆದರಿಸಿದ್ದನಂತೆ. ಅದಕ್ಕೇ ಅವಳು ಒಂದು ವರ್ಷ ಸಂಘಕ್ಕೆ ಬಂದಿರಲಿಲ್ಲವಂತೆ. ಹೀಗೆ ಒಬ್ಬೊಬ್ಬರದೇ ಹೊರಗೆ ಬಂತು. ಆ ಸಂಜೆಗೆ ಮುಂಚೆ ಅವರು ಇದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

"ಓವರ್‌ಟೈಂ ಕೇಳ್ದಾಗ್ಲೇ ಇವ್ರಿಗೆ ನಮ್ ಮಾನ ನೆಪ್ಪಾಯ್ತದೆ" ಅಂದಳು ಅಕ್ಕ. "ನಮ್ದು ಸಂಘದ್ ವಿಷ್ಯ ಆದ್ರೆ ಇವಂದೂ ಸಂಘದ್ ವಿಷ್ಯ. ಇಲ್ದಿದ್ರೆ ಎರಡೂ ಅಲ್ಲ."

ಮಾರನೆಯ ದಿನ ಊಟದ ಬಿಡುವಿನಲ್ಲಿ ಹತ್ತು ಹೆಂಗಸರು ನನ್ನನ್ನು ನಡುವೆ ಹಾಕಿಕೊಂಡು ಕ್ಯಾಬಿನ್ನಿಗೆ ನುಗ್ಗಿದರು. ಅಕ್ಕನ ಕೈಯಲ್ಲಿ ಇನ್ನೂ ಟಿಫಿನ್ ಡಬ್ಬಿ ಇತ್ತು. "ಇವನ ವಿಷ್ಯ ನಮಗೆಲ್ಲ ಗೊತ್ತು ಸಾರ್. ಇನ್ನೇನಾರ ಹೇಳೋದಿದ್ರೆ ಹೇಳಿ, ಇಲ್ಲಾಂದ್ರೆ ಓವರ್‌ಟೈಂ ಮಾತಾಡನ" ಅಂದಳು. ಮ್ಯಾನೇಜರ್ ಹತ್ತಿರ ಮಾರಲಿಕ್ಕೆ ಇದ್ದ ಸರಕು ಅದೊಂದೇ. ಅದು ಎಲ್ಲರ ಹತ್ತಿರವೂ ಬಿಟ್ಟಿ ಸಿಗುತ್ತದೆ ಅಂತಾದ ಮೇಲೆ ಅದಕ್ಕೆ ಬೆಲೆ ಇರಲಿಲ್ಲ.

ಇದನ್ನು ಸಿನಿಮಾದ ಹಾಗೆ ಹೇಳುವುದು ಸುಲಭ, ಆದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಆ ಹತ್ತು ಜನರಲ್ಲಿ ಮೂವರು ಆಮೇಲೆ ನನ್ನ ಜೊತೆ ಬುತ್ತಿ ಹಂಚಿಕೊಂಡು ತಿನ್ನುವುದನ್ನು ನಿಲ್ಲಿಸಿದರು. ಕಟಿಂಗಿನವನು ಸಂಘ ಬಿಟ್ಟ. ಓವರ್‌ಟೈಮಿನ ಬಾಕಿಯಲ್ಲಿ ಅರ್ಧದಷ್ಟು ಬಂತು. ಏಪ್ರಿಲ್‌ನಲ್ಲಿ ನನ್ನನ್ನು ದೂರದ ಇನ್ನೊಂದು ಯೂನಿಟ್ಟಿಗೆ ಹಾಕಿದರು. ತಿಪಟೂರಿಗೆ ಫೋನನ್ನೂ ಮಾಡಿದ್ದರು.

ಕರ್ನಾಟಕದಲ್ಲಿ ಇದು ಮೊದಲಲ್ಲ ಅಂತ ನನಗೆ ತಿಳಿದದ್ದು ನಂತರ. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಸಂಗಮ ಅನ್ನುವ ಸಂಸ್ಥೆ ಇಂಗ್ಲಿಷ್ ಮಾತಾಡದ, ಬೀದಿಯಲ್ಲಿ ಬದುಕುವ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡಿತು. 2006ರಲ್ಲಿ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಕಟ್ಟಿದರು. ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ಅದರ ಸದಸ್ಯರು. ಆ ಯೂನಿಯನ್ ಹೋಗಿ ಸೇರಿದ್ದು ನ್ಯೂ ಟ್ರೇಡ್ ಯೂನಿಯನ್ ಇನಿಷಿಯೇಟಿವ್ ಅನ್ನುವ ಒಕ್ಕೂಟವನ್ನು. ಬೆಂಗಳೂರಿನ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಕೂಡ ಅದೇ ಒಕ್ಕೂಟದ್ದು. ಅಂದರೆ ಕಾಲರ್ ಹೊಲಿಯುವವಳೂ, ರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಲ್ಲುವವಳೂ ಒಂದೇ ಛತ್ರಿಯ ಕೆಳಗೆ. ನಾನು ಅದನ್ನು ಸಣ್ಣ ಮಾತು ಅಂದುಕೊಳ್ಳುವುದಿಲ್ಲ. ಅದು ಮೈಮಾರುವುದು ಕೆಲಸವೇ ಅಲ್ಲವೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಆದರೆ ಪೊಲೀಸ್ ಲಾಠಿ ಬಿದ್ದಾಗ ಯಾರ ಹತ್ತಿರ ಓಡುವುದು ಅನ್ನುವುದಕ್ಕೆ ಒಂದು ವಿಳಾಸ ಸಿಕ್ಕಿತು.

ಸಂಗಮದಲ್ಲೇ ಕೆಲಸ ಮಾಡಿದ ರೇವತಿಯವರ ಆತ್ಮಕಥೆ ಕನ್ನಡಕ್ಕೆ 'ಬದುಕು ಬಯಲು' ಅಂತ ಬಂತು. ಅನುವಾದಿಸಿದವರು ದು. ಸರಸ್ವತಿ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರ ಜೊತೆ ವರ್ಷಗಟ್ಟಲೆ ದುಡಿದ ಕವಿ, ರಂಗನಟಿ. ಹಿಜ್ರಾ ಒಬ್ಬರ ಬದುಕು ಕನ್ನಡಕ್ಕೆ ಬರಲು ಪೌರಕಾರ್ಮಿಕರ ಹೋರಾಟದಲ್ಲಿರುವ ಒಬ್ಬ ಹೆಂಗಸಿನ ಕೈಯೇ ಬೇಕಾಯಿತು ಅನ್ನುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ನಮ್ಮ ರೂಮಿನಲ್ಲಿ ಆ ಪುಸ್ತಕ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬಂದಿತ್ತು. ಅಕ್ಕ ಓದಲಿಲ್ಲ, ಮಗಳ ಕೈಲಿ ಓದಿಸಿ ಕೇಳಿದಳು.

2008ರಿಂದ ಬೆಂಗಳೂರಿನಲ್ಲಿ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ನಾನು ಮೊದಲು ಹೋದದ್ದು 2014ರಲ್ಲಿ, ಹೊಸ ಯೂನಿಟ್ಟಿಗೆ ಹಾಕಿದ ವರ್ಷವೇ. ತಮಟೆ ಬಡಿಯುತ್ತಿದ್ದರು. ಕಂಪನಿಗಳ ಹೆಸರಿನ ಬಣ್ಣಬಣ್ಣದ ಟೀ ಶರ್ಟುಗಳೂ ಇದ್ದವು. ಅವುಗಳ ಹೊಲಿಗೆ ನೋಡಿದೆ, ಅಭ್ಯಾಸ ಬಿಡುವುದಿಲ್ಲ. ಆ ಟೀ ಶರ್ಟು ಹೊಲಿದವಳಿಗೆ ಮೂತ್ರಕ್ಕೆ ಹೋಗಲು ಬಿಡುವು ಸಿಕ್ಕಿತ್ತೋ ಇಲ್ಲವೋ ಅನ್ನುವ ಯೋಚನೆ ಮೆರವಣಿಗೆ ಮುಗಿಯುವವರೆಗೂ ಬಿಡಲಿಲ್ಲ. ಇನ್ನೊಂದು ಕಡೆ, ನಮ್ಮ ದೊಡ್ಡ ಕಾರ್ಮಿಕ ಸಂಘಟನೆಗಳ ಬೇಡಿಕೆ ಪಟ್ಟಿಗಳಲ್ಲಿ ನನ್ನಂಥವರ ವಿಷಯ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. 2013ರ ತೀರ್ಪನ್ನು ಎಡಪಕ್ಷಗಳು ವಿರೋಧಿಸಿ ಹೇಳಿಕೆ ಕೊಟ್ಟವು, ಒಪ್ಪುತ್ತೇನೆ. ಹೇಳಿಕೆ ಬೇರೆ, ಊಟದ ಬಿಡುವಿನಲ್ಲಿ ಕ್ಯಾಬಿನ್ನಿಗೆ ಬರುವುದು ಬೇರೆ.

ಆ ವರ್ಷವೇ ಇಂಗ್ಲೆಂಡಿನಲ್ಲಿ 'ಪ್ರೈಡ್' ಅನ್ನುವ ಸಿನಿಮಾ ಬಂತು. ಮರುವರ್ಷ ಯಾರೋ ಪೆನ್ ಡ್ರೈವಿನಲ್ಲಿ ತಂದುಕೊಟ್ಟರು. ಅದೇ ದಿನಸಿ ಅಂಗಡಿಯ ಮೇಲಿನ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು ನೋಡಿದೆವು. ಮಾತು ಅರ್ಥವಾಗದವರಿಗೆ ನಾನು ನಡುನಡುವೆ ಹೇಳುತ್ತಿದ್ದೆ. ಕತೆ ನಿಜವಾದದ್ದು. 1984ರ ಮಾರ್ಚಿನಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷ ನಡೆಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದು ಕಡೆ, ಕೋರ್ಟುಗಳು ಯೂನಿಯನ್ನಿನ ಹಣ ಮುಟ್ಟುಗೋಲು ಹಾಕಿಕೊಂಡದ್ದು ಇನ್ನೊಂದು ಕಡೆ. ಆ ಬೇಸಿಗೆಯಲ್ಲಿ ಲಂಡನ್ನಿನ ಪ್ರೈಡ್ ಮೆರವಣಿಗೆಯಲ್ಲಿ ಮಾರ್ಕ್ ಆಶ್ಟನ್, ಮೈಕ್ ಜಾಕ್ಸನ್ ಮತ್ತು ಗೆಳೆಯರು ಬಕೆಟ್ ಹಿಡಿದು ಗಣಿಯವರಿಗೆ ಚಂದಾ ಎತ್ತಿದರು. ಆಮೇಲೆ 'ಲೆಸ್ಬಿಯನ್ಸ್ ಅಂಡ್ ಗೇಸ್ ಸಪೋರ್ಟ್ ದ ಮೈನರ್ಸ್' ಅಂತ ಒಂದು ಗುಂಪು ಕಟ್ಟಿದರು. ವೇಲ್ಸಿನ ಡುಲೈಸ್ ಕಣಿವೆಯ ಗಣಿ ಹಳ್ಳಿಗಳಿಗೆ ನೇರವಾಗಿ ಹಣ ಕಳಿಸಿದರು. 20,000 ಪೌಂಡಿಗೂ ಹೆಚ್ಚು ಎತ್ತಿದರು. ಹಳ್ಳಿಗೆ ಹೋಗಿ ಗಣಿಯವರ ಮನೆಗಳಲ್ಲಿ ಉಳಿದರು, ಅವರ ಹಾಲಿನಲ್ಲಿ ಕುಣಿದರು. ಡಿಸೆಂಬರಿನಲ್ಲಿ ಲಂಡನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಮಾಡಿದರು. ಅದಕ್ಕೆ ಇಟ್ಟ ಹೆಸರಿನಲ್ಲೇ ತಮ್ಮನ್ನು ಬೈಯುವ 'ಪರ್ವರ್ಟ್ಸ್' ಅನ್ನುವ ಪದವನ್ನು ಎತ್ತಿಕೊಂಡು ಗಣಿಯ ಜೊತೆ ಜೋಡಿಸಿದ್ದರು.

ಮುಷ್ಕರ ಸೋತಿತು. ನಮ್ಮ ರೂಮಿನಲ್ಲಿ ಅದು ಯಾರಿಗೂ ಹಿಡಿಸಲಿಲ್ಲ. "ಇಷ್ಟೆಲ್ಲ ಮಾಡಿ ಸೋತೋದ್ರಾ?" ಅಂತ ಒಬ್ಬಳು ಎದ್ದೇ ಹೋದಳು. ಕೂತಿದ್ದವರಿಗೆ ಸಿಕ್ಕಿದ್ದು ಮುಂದಿನದು. 1985ರ ಜೂನ್ 29ರಂದು ಲಂಡನ್ನಿನ ಪ್ರೈಡ್ ಮೆರವಣಿಗೆಗೆ ವೇಲ್ಸಿನ ಗಣಿಯವರು ತಮ್ಮ ಯೂನಿಯನ್ ಬ್ಯಾನರ್ ಹೊತ್ತು ಬಂದು ಮುಂಚೂಣಿಯಲ್ಲಿ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಹಕ್ಕಿನ ನಿರ್ಣಯ ಪಾಸಾಯಿತು, ಗಣಿ ಕಾರ್ಮಿಕರ ಯೂನಿಯನ್ ತನ್ನೆಲ್ಲ ಮತ ಅದಕ್ಕೆ ಹಾಕಿತು. ಮಾರ್ಕ್ ಆಶ್ಟನ್ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವನಿಗೆ 26 ವರ್ಷ.

ಸಿನಿಮಾ ಮುಗಿದ ಮೇಲೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಮೊದ್ಲು ಹೋದೋರು ಯಾರು? ಇವ್ರಾ, ಗಣಿಯೋರಾ?" ಇವರೇ ಅಂದೆ. "ಹಂಗಾದ್ರೆ ನೀನೂ ಮೊದ್ಲು ಸಹಿ ಹಾಕ್ಸಕ್ಕೆ ಬಂದೆ, ನಾವು ಆಮೇಲ್ ಬಂದ್ವಿ" ಅಂದಳು. ನಾನು ಆ ರೀತಿ ಯೋಚಿಸಿರಲಿಲ್ಲ.

ಅವಳಿಗೆ ನಾನು ಹೇಳಿದ ಇನ್ನೊಂದು ಕತೆ ಆಸ್ಟ್ರೇಲಿಯಾದ್ದು. ಗಣಿಯವರಿಗಿಂತ ಅದೇ ಅವಳಿಗೆ ಹೆಚ್ಚು ಇಷ್ಟವಾಯಿತು. 1973ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಜೆರೆಮಿ ಫಿಶರ್ ಅನ್ನುವ ವಿದ್ಯಾರ್ಥಿಯನ್ನು ಅವನು ಸಲಿಂಗಿ ಅಂತ ತಿಳಿದ ಮೇಲೆ ಹಾಸ್ಟೆಲಿನಿಂದ ಹೊರಗೆ ಹಾಕಿದರು. ಆ ಕ್ಯಾಂಪಸ್ಸಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಜ್ಯಾಕ್ ಮಂಡಿಯ ನಾಯಕತ್ವದ ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್ನಿನ ಕೂಲಿಕಾರರು ಅಲ್ಲಿ ಕರಣೆ ಕೆಳಗಿಟ್ಟರು. ಹುಡುಗನ ವಿಷಯ ಸರಿಯಾಗುವವರೆಗೂ ಗೋಡೆ ಏಳುವುದಿಲ್ಲ ಅಂದರು. ಅದೇ ಸಂಘ ಮರ, ಹಳೆಯ ಬಡಾವಣೆ, ಪಾರ್ಕು ಉಳಿಸಲೂ ಹೀಗೇ ಕೆಲಸ ನಿಲ್ಲಿಸಿದ್ದಿತ್ತು. ಅವುಗಳಿಗೆ ಹಸಿರು ಬಹಿಷ್ಕಾರ ಅಂತ ಹೆಸರು, ಇದಕ್ಕೆ ಗುಲಾಬಿ ಬಹಿಷ್ಕಾರ ಅಂತಾಯಿತು. "ಆ ಹುಡುಗ ಅವ್ರ್ ಸಂಘದೋನಾ?" ಅಲ್ಲ ಅಂದೆ. "ಕಾಲೇಜ್ ಹುಡುಗುನ್ಗೆ ಗಾರೆ ಕೆಲಸದೋರು!" ಅಂತ ಬಹಳ ಹೊತ್ತು ತಲೆ ಆಡಿಸಿದಳು.

ಇನ್ನು ಊರಿಗೆ ಹೋದ ಫೋನಿನ ಮಾತು. ಆ ಕರೆ ಬಂದ ಮೂರನೇ ದಿನ ಅಪ್ಪ ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದರು. ಯಶವಂತಪುರದಲ್ಲಿ ಇಳಿದವರು ರೂಮಿಗೆ ಬರಲಿಲ್ಲ, ವಿಳಾಸ ಕೇಳಿಕೊಂಡು ನೇರ ಸಂಘದ ಆಫೀಸಿಗೆ ಹೋದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಹತ್ತು ಕಾಯಿ. ಅಲ್ಲಿ ಏನು ಮಾತಾಯಿತು ಅಂತ ಅಕ್ಕ ನನಗೆ ಹೇಳಿದ್ದು.

"ನನ್ ಮಗ ಏನಾರ ತಪ್ಪು ಮಾಡವ್ನಾ ತಾಯಿ?"

"ಸಹಿ ಹಾಕ್ಸವ್ನೆ ಕಣಣ್ಣ."

"ದುಡ್ಡು ಕದ್ದಿದ್ದಾ, ಹೊಡ್ದಾಡಿದ್ದಾ..."

"ಅಂಥದ್ದೇನಿಲ್ಲ."

"ಸಂಘ ಕೈ ಬಿಟ್ಟೈತಾ?"

"ಇಲ್ಲ ಕಣಣ್ಣ."

"ಸರಿ ಹಂಗಾರೆ" ಅಂದು ಕಾಯಿ ಕೊಟ್ಟು, ಕಾಫಿ ಕುಡಿದು ಮಧ್ಯಾಹ್ನದ ರೈಲಿಗೆ ಹೊರಟುಹೋದರು. ಫೋನಿನಲ್ಲಿ ಮ್ಯಾನೇಜರ್ ಹೇಳಿದ್ದು ಅವರಿಗೆ ಎಷ್ಟು ಅರ್ಥವಾಗಿತ್ತೋ ಇವತ್ತಿಗೂ ನನಗೆ ತಿಳಿಯದು. ಅವರ ಲೆಕ್ಕದಲ್ಲಿ ಒಬ್ಬ ಕೂಲಿಯವನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಅಷ್ಟೇ ಇದ್ದವು.

ಅಮ್ಮನದು ಬೇರೆ. ದಸರೀಘಟ್ಟದ ಚೌಡೇಶ್ವರಿಯ ಸನ್ನಿಧಿಗೆ ಕರೆದುಕೊಂಡು ಹೋದಳು. ಅಲ್ಲಿ ಅಮ್ಮನವರು ಬರೆದು ಉತ್ತರ ಕೊಡುತ್ತಾಳೆ ಅನ್ನುವುದು ನಮ್ಮ ಸೀಮೆಯಲ್ಲೆಲ್ಲ ಗೊತ್ತು. ನನ್ನ ಮದುವೆಯ ಬಗ್ಗೆ ಕೇಳಿದಳು. ಬಂದ ಉತ್ತರವನ್ನು ಅವಳು ಅವಳಿಗೆ ಬೇಕಾದಂತೆ ಓದಿಕೊಂಡಳು, ನಾನು ನನಗೆ ಬೇಕಾದಂತೆ. ಇಬ್ಬರೂ ನೆಮ್ಮದಿಯಿಂದ ಬಸ್ಸು ಹತ್ತಿದೆವು. ಅಮ್ಮ ಇನ್ನೂ ಒಪ್ಪಿಲ್ಲ. ಒಪ್ಪಿಸುವ ಆತುರವೂ ನನಗೆ ಈಗ ಇಲ್ಲ.

ಪಿಎಫ್ ನಿಯಮ ಬದಲಾಗಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರೂ ಕರೆಯದೆ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಅಧಿಸೂಚನೆ ವಾಪಸು ತೆಗೆದುಕೊಂಡಿತು. ಆ ಜನಸಾಗರದಲ್ಲಿ ನಾನೂ ಇದ್ದೆ, ನನ್ನ ಜೊತೆಗಾರನೂ ಇದ್ದ. ಅವನು ಗಾರ್ಮೆಂಟ್ಸಿನವನಲ್ಲ, ಎಲೆಕ್ಟ್ರಿಷಿಯನ್. ಬಿಸಿಲಿನಲ್ಲಿ ಕೂತವರಿಗೆ ನೀರಿನ ಕ್ಯಾನು ಹೊತ್ತು ತರುತ್ತಿದ್ದ. ಅವನನ್ನು ಯಾರು ಅಂತ ಕೇಳಿದವರಿಗೆ ಅಕ್ಕ "ನಮ್ ಹುಡುಗುನ್ ಕಡೆಯೋನು" ಅನ್ನುತ್ತಿದ್ದಳು.

2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳು ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಹೊರಗೆ ತಂದರು. ಸಂಜೆ ಗೇಟಿನಲ್ಲಿ ಫೋನ್ ಕೈಗೆ ಬಂದಾಗ ಅಕ್ಕನಿಗೆ ಹೇಳಿದೆ. "ಇನ್ಮೇಲೆ ಸ್ಟೇಷನ್ನಿಗೆ ಹೇಳ್ತೀನಿ ಅಂತ ಹೆದರ್ಸಂಗಿಲ್ವಾ?" ಇಲ್ಲ ಅಂದೆ. "ಸಂಬಳ?" ಅದು ಹಾಗೇ ಇದೆ ಅಂದೆ. ಇಬ್ಬರೂ ನಕ್ಕೆವು.

ಈಗ ಉಳಿದಿರುವುದು ಒಂದು ಅರ್ಜಿಯ ಒಂದು ಕಾಲಂ. ಪಿಎಫ್ ನಾಮಿನಿಯ ಅರ್ಜಿ. ಯೋಜನೆಯ ಪ್ರಕಾರ ಗಂಡಸಿನ ಕುಟುಂಬ ಅಂದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ, ತೀರಿಹೋದ ಮಗನ ಹೆಂಡತಿ ಮಕ್ಕಳು. ಹೀಗೆ ಕುಟುಂಬ ಇರುವವನು ಹೊರಗಿನವರ ಹೆಸರು ಬರೆದರೆ ಅದು ನಿಲ್ಲುವುದಿಲ್ಲ. ಕುಟುಂಬವೇ ಇಲ್ಲದವನು ಮಾತ್ರ ಯಾರ ಹೆಸರನ್ನಾದರೂ ಬರೆಯಬಹುದು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವನು ಹೊರಗಿನವನು. ನನಗೆ ನಾಳೆ ಏನಾದರೂ ಆದರೆ ಪಿಎಫ್ ಹಣವಾಗಲಿ, ಅದರ ಜೊತೆ ಬರುವ, ಏಳು ಲಕ್ಷದವರೆಗೆ ಸಿಗಬಹುದಾದ ವಿಮೆಯಾಗಲಿ ಅವನ ಕೈಗೆ ಹೋಗುವುದಿಲ್ಲ. ಅಪ್ಪ ಅಮ್ಮನಿಗೆ ಹೋಗಲಿ, ಅದಕ್ಕೆ ಬೇಸರವಿಲ್ಲ. ಪಾಲು ಮಾಡಿ ಬರೆಯುವ ಅವಕಾಶವೂ ಇಲ್ಲ ಅನ್ನುವುದೇ ಬೇಸರ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ. ಪಿಂಚಣಿ, ಗ್ರಾಚ್ಯುಟಿ, ಪಡಿತರದಂಥ ವಿಷಯಗಳನ್ನು ಸಂಪುಟ ಕಾರ್ಯದರ್ಶಿಯ ಸಮಿತಿಗೆ ಬಿಟ್ಟಿತು. ಮರುವರ್ಷ ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಿ ಅನ್ನುವ ಸೂಚನೆಗಳು ಬಂದವು. ಬ್ಯಾಂಕಿಗೆ ಹಾಕಲು ಇರುವವರಿಗೆ ಮೊದಲನೆಯದು ಒಳ್ಳೆಯ ಸುದ್ದಿ. ನಮ್ಮಂಥವರ ಉಳಿತಾಯ ಇರುವುದು ಪಿಎಫ್‌ನಲ್ಲೇ.

ಅರ್ಜಿ ತುಂಬುವ ದಿನ ಅಕ್ಕನೂ ತನ್ನದನ್ನು ತಂದಿದ್ದಳು. ಅದೇ ಯೋಜನೆಯಲ್ಲಿ ಹೆಂಗಸರಿಗೆ ಒಂದು ಅನುಕೂಲ ಇದೆ. ಗಂಡನನ್ನು ನನ್ನ ಕುಟುಂಬದಿಂದ ಕೈಬಿಡಿ ಅಂತ ಆಯುಕ್ತರಿಗೆ ಒಂದು ಕಾಗದ ಬರೆದುಕೊಟ್ಟರೆ ಅವನು ಕುಟುಂಬದ ಲೆಕ್ಕದಿಂದ ಹೊರಗೆ ಹೋಗುತ್ತಾನೆ, ಕಾರಣ ಕೇಳುವುದಿಲ್ಲ. ಇಪ್ಪತ್ತು ವರ್ಷದಿಂದ ಮುಖ ತೋರಿಸದವನ ಹೆಸರು ಹೊಡೆದುಹಾಕಲು ಅಷ್ಟೇ ಸಾಕು ಅಂತ ತಿಳಿದಾಗ ಅವಳಿಗೆ ಆದ ಖುಷಿ ನೋಡಬೇಕಿತ್ತು. ಕಾಗದ ನಾನೇ ಬರೆದುಕೊಟ್ಟೆ. ಅವಳು ಸಹಿ ಹಾಕಿ, ನನ್ನ ಅರ್ಜಿಯ ಖಾಲಿ ಜಾಗ ನೋಡಿ, "ನನಗೆ ತೆಗಿಯೋ ಕಾಗ್ದ ಐತೆ, ನಿನಗೆ ಸೇರ್ಸೋ ಕಾಗ್ದ ಇಲ್ವಲ್ಲೋ" ಅಂದಳು. ಆ ಸಲದ ಬೇಡಿಕೆ ಪಟ್ಟಿಯಲ್ಲಿ ಬಸ್ಸು, ಕುಡಿಯುವ ನೀರು, ಮಕ್ಕಳ ಕೋಣೆ ಇವುಗಳ ಕೆಳಗೆ ಹೊಸದೊಂದು ಸಾಲು ಸೇರಿತು: ಸದಸ್ಯರು ತಾವೇ ಹೆಸರಿಸಿದ ಯಾರನ್ನಾದರೂ ನಾಮಿನಿಯಾಗಿ ಒಪ್ಪುವಂತೆ ಸರ್ಕಾರಕ್ಕೆ ಒತ್ತಾಯಿಸುವುದು. ಸೇರಿಸಿ ಅಂದವಳು ಅಕ್ಕನೂ ಅಲ್ಲ, ನಾನೂ ಅಲ್ಲ. ಮದುವೆಯಾಗದ, ತಂಗಿಯ ಜೊತೆ ಇರುವ ಒಬ್ಬ ಹೆಲ್ಪರ್. ಅವಳಿಗೆ ತಂಗಿಯ ಹೆಸರು ಬರೆಯಬೇಕಿತ್ತು. ಒಡಹುಟ್ಟಿದವರೂ ಆ ಪಟ್ಟಿಯಲ್ಲಿ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಅಪ್ಪ ಅಟ್ಟದ ಕೆಳಗೆ ಕೂತು ಒಂದು ಅರ್ಜಿಯ ನಕಲು ತೋರಿಸಿದರು. ರಾಜ್ಯ ಸರ್ಕಾರದ ಅಸಂಘಟಿತ ಕಾರ್ಮಿಕರ ಮಂಡಳಿಯಿಂದ ಹಮಾಲಿಗಳಿಗೆ ಸ್ಮಾರ್ಟ್ ಕಾರ್ಡ್ ಕೊಡುತ್ತಾರೆ, ಅದಕ್ಕೆ ಸಂಘದವರು ಎಲ್ಲರ ಕೈಲೂ ಅರ್ಜಿ ಬರೆಸಿದ್ದರು. ತುರ್ತಿಗೆ ಇನ್ನೊಂದು ನಂಬರ್ ಕೊಡಿ ಅಂದರಂತೆ. "ನಿನ್ ಫೋನು ಹಗಲೊತ್ತು ಗೇಟಲ್ಲಿರ್ತದೆ, ಮಾಡಿದ್ರೆ ಎತ್ತಂಗಿಲ್ಲ. ಆ ಹುಡುಗುನ್ ನಂಬರ್ ಕೊಟ್ಟೆ" ಅಂದರು. ನಾನು ಹಾಳೆ ತಿರುಗಿಸಿ ನೋಡಿದೆ. ನನ್ನ ಜೊತೆಗಾರನ ಹೆಸರು, ನಂಬರು ಸರಿಯಾಗಿತ್ತು. ಪಕ್ಕದಲ್ಲಿ ಸಂಬಂಧ ಅಂತ ಇದ್ದ ಜಾಗದಲ್ಲಿ ಸಂಘದ ಗುಮಾಸ್ತನ ದುಂಡಗಿನ ಅಕ್ಷರದಲ್ಲಿ 'ಬೆಂಗಳೂರು' ಅಂತ ಬರೆದಿತ್ತು.

"ಏನಪ್ಪ ಇದು?" ಅಂದೆ.

"ಏನ್ ಬರ್ಕಳಣ ಅಂತ ಕೇಳ್ದ. ಅದ್ನೇ ಬರ್ಕೊ ಅಂದೆ" ಅಂದು ಅಪ್ಪ ಅಟ್ಟದಿಂದ ಇಳಿಸಿದ ಕಾಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದರು.